ಮಣಿ ಹಲಗೆಯ ಮೇಲೆ ಹಳೆಯ ವ್ಯಂಗ್ಯಚಿತ್ರಗಳು: ಬಿಡುವಿನ ವೇಳೆಗೆ ಒಂದು ಪಾಠ



ನಮ್ಮ ವಾಚನಾಲಯದಲ್ಲಿ ಭಾನುವಾರ ಮಧ್ಯಾಹ್ನದ ಮಕ್ಕಳ ಕೂಟದಲ್ಲಿ ಈಚೆಗೆ ಬಣ್ಣದ ಮಣಿಗಳ ಕೆಲಸ ನಡೆಯುತ್ತಿರುವುದನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. "ಇದೆಂಥ ಆಟ? ಇದರಿಂದ ಕನ್ನಡಕ್ಕೇನು ಲಾಭ?" ಎಂದು ಕೇಳಿದವರೂ ಉಂಟು. ಕೇಳಿದವರಿಗೆಲ್ಲ ಒಬ್ಬೊಬ್ಬರಿಗೆ ಬಾಯಲ್ಲಿ ಉತ್ತರ ಹೇಳುವುದಕ್ಕಿಂತ ಇಲ್ಲಿ ಬರೆದುಬಿಡುವುದೇ ಮೇಲೆಂದು ಈ ಪಾಠವನ್ನು ಬರೆದಿದ್ದೇನೆ. ಓದಿದವರು ಮನೆಯಲ್ಲಿಯೇ ಮಾಡಿಕೊಳ್ಳುವಂತಾಗಲಿ ಎಂಬುದು ಉದ್ದೇಶ.

ಲಾಭದ ಮಾತನ್ನು ಮೊದಲು ಮುಗಿಸುತ್ತೇನೆ. ಡೊಂಬಿವಲಿಯಲ್ಲಾಗಲಿ ಕಲ್ಯಾಣದಲ್ಲಾಗಲಿ ಇರುವ ನಮ್ಮಂಥವರ ಮನೆಗಳಲ್ಲಿ ತಂದೆಯಾದವನು ಬೆಳಗಿನ ಲೋಕಲ್ ಹಿಡಿದು ಹೋದರೆ ಬರುವುದು ರಾತ್ರಿಗೆ. ಮಗು ಶಾಲೆಯಲ್ಲಿ ಮರಾಠಿ ಇಲ್ಲವೆ ಇಂಗ್ಲಿಷು, ಕೆಳಗೆ ಆಡುವಾಗ ಹಿಂದಿ. ಮನೆಯಲ್ಲಿ "ಅಪ್ಪ" ಎಂದು ಕನ್ನಡದಲ್ಲಿ ಕರೆದು, ಮುಂದಿನ ಮಾತೆಲ್ಲ ಬೇರೆ ಭಾಷೆಯಲ್ಲಿ ಆಡುವ ಮಕ್ಕಳು ಎಷ್ಟೋ ಇವೆ. ಅವಕ್ಕೆ ಕನ್ನಡ ಪುಸ್ತಕವನ್ನು ಕೈಗಿತ್ತು "ಓದು" ಎಂದರೆ ಓದುವುದಿಲ್ಲ. ಆದರೆ ತಂದೆ ತಾನು ಚಿಕ್ಕಂದಿನಲ್ಲಿ ಕಂಡ ಒಂದು ಗೊಂಬೆಯನ್ನು ಮಗುವಿನ ಎದುರಿಗೆ ಮಣಿಯಲ್ಲಿ ಕೂರಿಸತೊಡಗಿದರೆ, "ಇವನು ಯಾರು? ಇವನು ಏನು ಮಾಡುತ್ತಿದ್ದ?" ಎಂದು ಮಗು ಕೇಳಿಯೇ ಕೇಳುತ್ತದೆ. ಎರಡು ಗಂಟೆ ಕಾಲ ಇಬ್ಬರ ಕೈಯೂ ಒಂದೇ ಹಲಗೆಯ ಮೇಲೆ ಇರುತ್ತದೆ. ಆ ಎರಡು ಗಂಟೆಯ ಮಾತು ಕನ್ನಡದಲ್ಲಿ ನಡೆಯಬೇಕೆಂಬುದಷ್ಟೇ ನಮ್ಮ ಕೂಟದ ನಿಯಮ.

ಇನ್ನು ಸಾಮಗ್ರಿಯ ವಿಚಾರ. ಅಂಗಡಿಯಲ್ಲಿ ಇದನ್ನು ಫ್ಯೂಸ್ ಬೀಡ್ಸ್ ಎಂದು ಕೇಳತಕ್ಕದ್ದು. ಕೆಲವರು ಪರ್ಲರ್, ಹಾಮಾ ಎಂಬ ಕಂಪೆನಿಗಳ ಹೆಸರಿನಿಂದಲೂ ಕರೆಯುತ್ತಾರೆ. ನಾನು ಸುಮ್ಮನೆ ಮಣಿ ಎಂದೇ ಬರೆಯುತ್ತೇನೆ. ಇದು ಪೋಣಿಸುವ ಮಣಿಯಲ್ಲ. ತಂಪು ಪಾನೀಯ ಕುಡಿಯುವ ಕೊಳವೆಯನ್ನು ಸಣ್ಣದಾಗಿ ಕತ್ತರಿಸಿದಂತೆ ೫ ಮಿ.ಮೀ. ಉದ್ದ, ೫ ಮಿ.ಮೀ. ದಪ್ಪದ ಪ್ಲಾಸ್ಟಿಕ್ ತುಂಡು. ಇದಕ್ಕೊಂದು ಹಲಗೆ ಉಂಟು. ಅದರ ಮೇಲೆ ಸಾಲಾಗಿ ಮೊಳೆಯಂಥ ಗುಬುಟುಗಳಿರುತ್ತವೆ. ಒಂದೊಂದು ಗುಬುಟಿಗೂ ಒಂದೊಂದು ಮಣಿಯನ್ನು ತೊಡಿಸಿ, ಚಿತ್ರ ಪೂರ್ತಿಯಾದ ಮೇಲೆ ಮೇಲುಗಡೆ ಕಾಗದ ಹಾಸಿ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಮಣಿಗಳು ಕರಗಿ ಒಂದಕ್ಕೊಂದು ಅಂಟಿಕೊಂಡು ಬಿಲ್ಲೆಯಾಗುತ್ತವೆ. ಸ್ವೀಡನ್, ಡೆನ್ಮಾರ್ಕ್ ಕಡೆಯಲ್ಲಿ ೧೯೬೦ರ ಆಸುಪಾಸಿನಿಂದ ಬೆಳೆದುಬಂದ ಕಸುಬು ಇದು. ಮೊದಮೊದಲು ವೃದ್ಧರ ಬೆರಳುಗಳಿಗೆ ವ್ಯಾಯಾಮವಾಗಲೆಂದು ಕೊಡುತ್ತಿದ್ದರಂತೆ.

ದೊಡ್ಡ ಚೌಕ ಹಲಗೆಯಲ್ಲಿ ಉದ್ದಕ್ಕೆ ೨೯, ಅಗಲಕ್ಕೆ ೨೯ ಗುಬುಟುಗಳಿವೆ. ಎಂದರೆ ಒಟ್ಟು ೮೪೧ ಮಣಿ, ಚಿತ್ರದ ಅಳತೆ ಒಂದು ಕಡೆಗೆ ೧೪.೫ ಸೆಂ.ಮೀ. ಸಾವಿರ ಮಣಿಯ ಒಂದು ಪೊಟ್ಟಣದಿಂದ ಹಲಗೆ ತುಂಬಿಯೂ ಸ್ವಲ್ಪ ಮಿಗುತ್ತದೆ. ಹಿನ್ನೆಲೆಯನ್ನು ಖಾಲಿ ಬಿಟ್ಟು ಗೊಂಬೆಯನ್ನಷ್ಟೇ ಕೂರಿಸಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ; ನಮ್ಮಂಥವರಿಗೆ ಅದೇ ಸರಿ. ನಾಲ್ಕು ಹಲಗೆ ಜೋಡಿಸಿದರೆ ೩೩೬೪ ಮಣಿ ಬೇಕು; ಆ ಹುಚ್ಚು ಆಮೇಲೆ ಹಿಡಿಯಲಿ. ಬಿಡಿ ಅಂಗಡಿಗಿಂತ ಮುಂಬಯಿಯ ಅಬ್ದುಲ್ ರೆಹಮಾನ್ ಬೀದಿಯ ಸಗಟು ಅಂಗಡಿಗಳಲ್ಲಿ ವಿಚಾರಿಸುವುದು ಒಳ್ಳೆಯದು. ನಾಲ್ಕು ಮನೆಯವರು ಸೇರಿ ಬಣ್ಣವೊಂದಕ್ಕೆ ಒಂದು ಪೊಟ್ಟಣದಂತೆ ತಂದು ಹಂಚಿಕೊಳ್ಳಬಹುದು.

ಗಿರಣಿಯ ಗುಮಾಸ್ತನಾದ ನನಗೆ ಈ ಹಲಗೆ ಹೊಸತೆನಿಸಲಿಲ್ಲ. ನೇಯ್ಗೆಯ ನಮೂನೆ ಬರೆಯುವ ಚೌಕಳಿ ಕಾಗದದಲ್ಲಿ ಒಂದೊಂದು ಚೌಕವೂ ಹಾಸಿನ ಒಂದು ಎಳೆ, ಹೊಕ್ಕಿನ ಒಂದು ಎಳೆ ಕೂಡುವ ಜಾಗ. ತುಂಬಿದ ಚೌಕವೆಂದರೆ ಹಾಸಿನ ಎಳೆ ಮೇಲೆ, ಖಾಲಿ ಚೌಕವೆಂದರೆ ಕೆಳಗೆ. ೧೮೦೪ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬವನು ತೂತು ಹೊಡೆದ ರಟ್ಟುಗಳಿಂದ ಮಗ್ಗವನ್ನು ನಡೆಸಿದ್ದು ಇದೇ ಲೆಕ್ಕದ ಮೇಲೆ. ನಮ್ಮ ಹೆಂಗಸರಿಗಂತೂ ಈ ವಿದ್ಯೆ ಅದಕ್ಕೂ ಮೊದಲೇ ಗೊತ್ತು. ಚುಕ್ಕಿ ಇಟ್ಟು ರಂಗೋಲಿ ಹಾಕುವುದು ಇನ್ನೇನು? ಧಾರವಾಡದ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆಯಷ್ಟೆ. ಅವುಗಳಲ್ಲಿ ಮೆಂತೆ ಎಂದರೆ ಬಟ್ಟೆಯ ಎಳೆ ಎಣಿಸಿ ಅಡ್ಡಡ್ಡಲಾಗಿ ಹಾಕುವ ಕತ್ತರಿ ಹೊಲಿಗೆ. ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿ ನಮ್ಮ ಹಲಗೆಯನ್ನು ಕೈಯಲ್ಲಿ ಹಿಡಿದು ನೋಡಿ, "ಇದು ನಮ್ಮ ಮೆಂತೆ ಹೊಲಿಗಿನ ಅಲ್ಲೇನೋ ತಮ್ಮಾ?" ಎಂದರು. ಹೌದು, ಅದೇ. ಮನೆಯಲ್ಲಿ ಕಸೂತಿಯ ಹಳೆಯ ನಮೂನೆ ಇದ್ದವರು ಅದರ ತುಳಸಿಕಟ್ಟೆಯನ್ನೋ ಆನೆಯನ್ನೋ ಒಂದು ಹೊಲಿಗೆಗೆ ಒಂದು ಮಣಿಯಂತೆ ನೇರವಾಗಿ ಕೂರಿಸಬಹುದು.

ಆದರೆ ಮಕ್ಕಳಿಗೆ ಬೇಕಾದದ್ದು ಗೊಂಬೆ. ಹಾಗಾದರೆ ಯಾವ ಗೊಂಬೆ? ಈಗಿನ ಸಿನಿಮಾ ಬೊಂಬೆಗಳಿಗೆ ನೆರಳು, ಹೊಳಪು, ನೂರು ಬಗೆಯ ಬಣ್ಣ. ಅವನ್ನು ಮಣಿಯಲ್ಲಿ ಕೂರಿಸಿದರೆ ಮಸಿ ಚೆಲ್ಲಿದಂತೆ ಕಾಣುತ್ತದೆ. ಹಳೆಯ ಕಾಲದವು ಹಾಗಲ್ಲ. ಅಗ್ಗದ ಕಾಗದದ ಮೇಲೆ, ಕೆಲವೊಮ್ಮೆ ಒಂದೇ ಮಸಿಯಲ್ಲಿ, ಅಚ್ಚಾಗಬೇಕಾಗಿದ್ದುದರಿಂದ ಚಿತ್ರಕಾರರು ಗೆರೆಯನ್ನು ದಪ್ಪವಾಗಿಯೂ ಬಣ್ಣವನ್ನು ಮಿತವಾಗಿಯೂ ಇಟ್ಟರು. ದೂರದಿಂದ ನೋಡಿದರೂ ಯಾರೆಂದು ಗುರುತು ಸಿಗಬೇಕು. ಮಣಿ ಕೆಲಸಕ್ಕೆ ಬೇಕಾದದ್ದೂ ಅದೇ.

ಅಂಥವರಲ್ಲಿ ನಮಗೆ ಮೊದಲು ನೆನಪಾಗತಕ್ಕವರು ಆರ್. ಕೆ. ಲಕ್ಷ್ಮಣ್ ಅವರು. ಮೈಸೂರಿನಲ್ಲಿ ೧೯೨೧ರಲ್ಲಿ ಹುಟ್ಟಿ, ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಓದಿ, ಹೊಟ್ಟೆಪಾಡಿಗೆ ಮುಂಬಯಿಗೆ ಬಂದವರು. ಇದೇ ಊರಿನ ಜೆ. ಜೆ. ಕಲಾಶಾಲೆ ಒಂದು ಕಾಲದಲ್ಲಿ ಅವರಿಗೆ ಪ್ರವೇಶ ಕೊಟ್ಟಿರಲಿಲ್ಲ. ೧೯೫೧ರಿಂದ 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆಯಲ್ಲಿ ಅವರ 'ಯು ಸೆಡ್ ಇಟ್' ಎಂಬ ಚಿಕ್ಕ ಚಿತ್ರ ಬರತೊಡಗಿತು. ಅದರಲ್ಲಿ ಬಾಯಿ ಬಿಡದೆ ಎಲ್ಲವನ್ನೂ ನೋಡುತ್ತ ನಿಲ್ಲುವ ಶ್ರೀಸಾಮಾನ್ಯನನ್ನು ಕಾಣದವರು ಯಾರು? ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕ, ಕಿವಿಯ ಮೇಲೆ ಉಳಿದ ನಾಲ್ಕು ಕೂದಲು. ೧೯೮೮ರಲ್ಲಿ ಆ ಪತ್ರಿಕೆಗೆ ೧೫೦ ವರ್ಷ ತುಂಬಿದಾಗ ಅಂಚೆಚೀಟಿಯ ಮೇಲೂ ಅವನೇ ಬಂದ. ಲಕ್ಷ್ಮಣರು ೨೦೧೫ರಲ್ಲಿ ತೀರಿಕೊಂಡರೂ ಅವನು ವರ್ಲಿಯ ಕಡಲ ದಂಡೆಯಲ್ಲಿ ಪ್ರತಿಮೆಯಾಗಿ ನಿಂತಿದ್ದಾನೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.

ಅವನನ್ನು ಮಣಿಯಲ್ಲಿ ಕೂರಿಸುವ ಲೆಕ್ಕ ಹೀಗೆ. ಲೆಕ್ಕವನ್ನು ಯಾವಾಗಲೂ ಕನ್ನಡಕದಿಂದ, ಕನ್ನಡಕವಿಲ್ಲದವರಿಗೆ ಕಣ್ಣಿನಿಂದ, ತೊಡಗಬೇಕು. ಒಂದು ಗಾಜಿನ ಕಟ್ಟಿಗೆ ಕನಿಷ್ಠ ೩ ಮಣಿ ಅಗಲ, ೩ ಮಣಿ ಎತ್ತರ. ಸುತ್ತ ಎಂಟು ಕಪ್ಪು, ನಡುವೆ ಒಂದು ಬಿಳಿ. ಎರಡು ಗಾಜಿಗೆ ಆರು, ಮೂಗಿನ ಮೇಲಿನ ಕೊಂಡಿಗೆ ಒಂದು, ಒಟ್ಟು ಏಳು. ಆಚೆ ಈಚೆ ಕೆನ್ನೆಗೆ ಒಂದೊಂದು ಸೇರಿದರೆ ಮುಖದ ಅಗಲ ೯. ಇದಕ್ಕಿಂತ ಕಡಮೆಯಲ್ಲಿ ಅವನ ಮುಖ ಬರುವುದಿಲ್ಲ. ಮುಖಕ್ಕೆ ೧೦ ಸಾಲು, ಕೋಟಿಗೆ ೯, ಪಂಚೆಗೆ ೮, ಕಾಲಿಗೆ ೨ ಎಂದು ಹಂಚಿದರೆ ಸರಿಯಾಗಿ ೨೯ ಆಗುತ್ತದೆ; ಒಂದೇ ಹಲಗೆಯಲ್ಲಿ ಇಡೀ ಮನುಷ್ಯ ನಿಲ್ಲುತ್ತಾನೆ. ಕೋಟಿನ ಚೌಕಳಿಗೆ ಹೆದರಬೇಕಾಗಿಲ್ಲ. ಮೂರನೆಯ, ಆರನೆಯ, ಒಂಬತ್ತನೆಯ ಸಾಲನ್ನು ಗಾಢ ಬಣ್ಣದಲ್ಲಿಯೂ, ಅದೇ ರೀತಿ ಮೂರಕ್ಕೊಂದು ಕಂಬಸಾಲನ್ನು ಗಾಢವಾಗಿಯೂ ಇಟ್ಟು ಉಳಿದದ್ದನ್ನು ತಿಳಿಯಾಗಿ ತುಂಬಿದರೆ ಚೌಕಳಿ ತಾನಾಗಿ ಬರುತ್ತದೆ. ಚಿತ್ರಕಾರನಿಗೆ ಅತಿ ಹೆಚ್ಚು ಗೆರೆ ಎಳೆಸುವ ಬಟ್ಟೆ ನಮಗೆ ಅತಿ ಸುಲಭ!

ಲಕ್ಷ್ಮಣರದೇ ಇನ್ನೊಂದು ಗೊಂಬೆ ಗಟ್ಟು. ೧೯೫೪ರಲ್ಲಿ ಏಷ್ಯನ್ ಪೇಂಟ್ಸ್ ಕಂಪೆನಿಗಾಗಿ ಬರೆದದ್ದು; ಕೈಯಲ್ಲಿ ಕುಂಚ, ಬಣ್ಣದ ಡಬ್ಬಿ, ಹಣೆಯಿಂದ ಇಳಿದು ಕಣ್ಣು ಮುಚ್ಚುವ ಕೂದಲ ಕುಚ್ಚು. ಹೆಸರಿಡಲು ಸ್ಪರ್ಧೆ ನಡೆಸಿ ೫೦೦ ರೂಪಾಯಿ ಬಹುಮಾನ ಕೊಟ್ಟಿದ್ದರು. ಸುಮಾರು ೨೦೦೨ರವರೆಗೆ ಊರೂರಿನ ಬಣ್ಣದ ಅಂಗಡಿಯ ಮುಂದೆ ಇದ್ದ ಹುಡುಗ. ನಮ್ಮ ವಯಸ್ಸಿನವರು ಶಾಲೆಗೆ ಹೋಗುವಾಗ ಇವನನ್ನು ದಾಟಿಯೇ ಹೋದವರು. ಕುಚ್ಚು ಒಂದು ಕಣ್ಣನ್ನು ಮುಚ್ಚುವುದರಿಂದ ನಮಗೆ ಕೂರಿಸಲು ಒಂದೇ ಕಣ್ಣು ಸಾಕು. ಆದರೆ ಕುಂಚದ ಹಿಡಿ ಒಂಟಿ ಮಣಿಯ ಸಾಲಾದರೆ ಎರಡು ದಿನದಲ್ಲಿ ಮುರಿಯುತ್ತದೆ. ಅದನ್ನು ತೋಳಿಗೋ ಡಬ್ಬಿಗೋ ತಾಗಿಸಿಯೇ ಇಡತಕ್ಕದ್ದು.

ಕಾರ್ಕಳದಲ್ಲಿ ೧೯೨೯ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದ ಅನಂತ ಪೈ ಅವರ ಹೆಸರನ್ನು ಇಲ್ಲಿ ಬಿಡುವಂತಿಲ್ಲ. ೧೯೬೭ರಲ್ಲಿ 'ಅಮರ ಚಿತ್ರ ಕಥೆ'ಯನ್ನೂ ೧೯೮೦ರಲ್ಲಿ 'ಟಿಂಕಲ್' ಪತ್ರಿಕೆಯನ್ನೂ ತೊಡಗಿದವರು. ಟಿಂಕಲ್‌ನಲ್ಲಿ ೧೯೮೩ರಿಂದ ಬಂದ ಸುಪ್ಪಂಡಿಯ ನೀಳ ತಲೆಯನ್ನು ಮಣಿಯಲ್ಲಿ ಯಾರು ಬೇಕಾದರೂ ತರಬಹುದು. ಅಗಲ ಕಡಮೆ ಮಾಡಿ ಎತ್ತರ ಹೆಚ್ಚಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ. ೧೯೬೬ರಿಂದ ಬೆಣ್ಣೆಯ ಜಾಹೀರಾತಿನಲ್ಲಿ ಬರುತ್ತಿರುವ ಅಮುಲ್ ಹುಡುಗಿಯ ಚುಕ್ಕಿ ಲಂಗಕ್ಕೆ ಒಂದು ಚುಕ್ಕಿಗೆ ಒಂದು ಮಣಿ, ನಡುವೆ ಮೂರು ಬಿಳಿ. ಕರಾವಳಿಯವರು ಬಾಲಮಂಗಳದ ಡಿಂಗನನ್ನು ಕೇಳುತ್ತಾರೆ, ಇಲಿಯ ಕಿವಿ ದೊಡ್ಡದಾಗಿ ಇಟ್ಟರಾಯಿತು. ಚಂದಮಾಮದ ಬೇತಾಳ ಬೇಕೆಂದವರೂ ಇದ್ದಾರೆ. ಆ ಸೂಕ್ಷ್ಮ ಗೆರೆಗಳು ೨೯ ಚೌಕಗಳಲ್ಲಿ ಬರುವವಲ್ಲವೆಂದು ನನ್ನ ಅಭಿಪ್ರಾಯ. ದೂರದರ್ಶನದ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಲಕ್ಷ್ಮಣರು ಬರೆದ ಚಿತ್ರಗಳೂ ಹಾಗೆಯೇ. ನೋಡಿ ಸಂತೋಷಪಡುವುದು ಲೇಸು.

ಹೊಸಬರು ನೇರವಾಗಿ ಶ್ರೀಸಾಮಾನ್ಯನಿಗೆ ಕೈ ಹಾಕದೆ ಕಾಗೆಯಿಂದ ತೊಡಗಲಿ. ಲಕ್ಷ್ಮಣರಿಗೆ ಕಾಗೆಯೆಂದರೆ ಬಹಳ ಪ್ರೀತಿ. ಎಷ್ಟೋ ಕಾಗೆಗಳನ್ನು ಬರೆದಿದ್ದಾರೆ. ನಮ್ಮ ಮಕ್ಕಳಿಗೂ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಲು ದಾರಿಯಾಗುತ್ತದೆ. ಕೆಳಗಿನದು ನಮ್ಮ ಕೂಟದಲ್ಲಿಯೇ ಸಿದ್ಧಪಡಿಸಿದ ನಮೂನೆ. ಹಲಗೆಯ ಎಡಗಡೆಯಿಂದ ಗುಬುಟುಗಳನ್ನು ೧, ೨, ೩ ಎಂದು ಎಣಿಸುತ್ತ, ಮೇಲಿನಿಂದ ಕೆಳಕ್ಕೆ ಒಬ್ಬರು ಕನ್ನಡದಲ್ಲಿ ಓದಬೇಕು, ಇನ್ನೊಬ್ಬರು ಕೂರಿಸಬೇಕು.

ಮೊದಲನೆಯ ಸಾಲಿನಲ್ಲಿ ೪ರಿಂದ ೬ರವರೆಗೆ ಕಪ್ಪು. ಎರಡನೆಯ ಸಾಲಿನಲ್ಲಿ ೩ರಿಂದ ೭ ಕಪ್ಪು. ಮೂರನೆಯದು ಕೊಕ್ಕಿನ ಸಾಲು: ೧ರಿಂದ ೩ ಕಪ್ಪು, ೪ ಬಿಳಿ (ಇದೇ ಕಣ್ಣು), ೫ರಿಂದ ೭ ಕಪ್ಪು. ನಾಲ್ಕನೆಯದು ೩ರಿಂದ ೭ ಕಪ್ಪು. ಐದನೆಯದು ೪ರಿಂದ ೮ ಬೂದು, ಆರನೆಯದು ೪ರಿಂದ ೯ ಬೂದು. ಊರಕಾಗೆಯ ಕುತ್ತಿಗೆ ಬೂದು ಬಣ್ಣದ್ದಷ್ಟೆ. ಏಳನೆಯದು ೪ರಿಂದ ೧೧ ಕಪ್ಪು, ಎಂಟನೆಯದು ೪ರಿಂದ ೧೩ ಕಪ್ಪು, ಒಂಬತ್ತನೆಯದು ೫ರಿಂದ ೧೪ ಕಪ್ಪು, ಹತ್ತನೆಯದು ೬ರಿಂದ ೧೦ ಕಪ್ಪು. ಹನ್ನೊಂದನೆಯದರಲ್ಲಿ ೭ ಮತ್ತು ೯ ಮಾತ್ರ ಕಪ್ಪು, ಅವು ಕಾಲು. ಹನ್ನೆರಡನೆಯದು ೫ರಿಂದ ೧೧ ಕಂದು, ಅದು ಕಾಗೆ ಕುಳಿತ ಕೊಂಬೆ. ಕೊಂಬೆ ಇಟ್ಟದ್ದು ಅಂದಕ್ಕಲ್ಲ, ಒಂಟಿ ಕಾಲು ಮುರಿಯಬಾರದೆಂದು. ಲೆಕ್ಕ ತಾಳೆ ನೋಡಿಕೊಳ್ಳಿ: ಕಪ್ಪು ೫೪, ಬೂದು ೧೧, ಕಂದು ೭, ಬಿಳಿ ೧, ಒಟ್ಟು ೭೩.

ಬೇರೆ ಚಿತ್ರವನ್ನು ನಮೂನೆಯಾಗಿ ಇಳಿಸಬೇಕಾದರೆ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ೧೪ ಸೆಂ.ಮೀ. ಎತ್ತರಕ್ಕೆ ತರಿಸಿ, ಅದರ ಮೇಲೆ ಅರ್ಧರ್ಧ ಸೆಂಟಿಮೀಟರಿಗೆ ಗೆರೆ ಹಾಕಬೇಕು. ಒಂದು ಚೌಕವೆಂದರೆ ಒಂದು ಮಣಿ. ಚೌಕದಲ್ಲಿ ಯಾವ ಬಣ್ಣ ಹೆಚ್ಚಾಗಿದೆಯೋ ಆ ಮಣಿ. ಕಣ್ಣು, ಮೀಸೆ, ಬಾಯಿ ಇವುಗಳಿಗೆ ಮಾತ್ರ ಈ ನಿಯಮ ಸಲ್ಲದು. ಅವು ಅರ್ಧ ಚೌಕದಷ್ಟೇ ಇದ್ದರೂ ಪೂರ್ತಿ ಮಣಿ ಇಡಬೇಕು, ಇಲ್ಲದಿದ್ದರೆ ಮುಖವೇ ಅಳಿಸಿಹೋಗುತ್ತದೆ.

ಇಸ್ತ್ರಿಯ ಕೆಲಸವನ್ನು ದೊಡ್ಡವರೇ ಮಾಡತಕ್ಕದ್ದು. ಮಣಿಯ ಪ್ಲಾಸ್ಟಿಕ್ಕು ಸುಮಾರು ೧೧೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಪೆಟ್ಟಿಗೆಯ ಗುಂಡಿಯನ್ನು ನಡುವಿನ ಗುರುತಿಗೆ, ಎಂದರೆ ಎರಡು ಚುಕ್ಕಿಗೆ, ಇಟ್ಟರೆ ಸಾಕು. ಹತ್ತಿ ಬಟ್ಟೆಯ ಬಿಸಿ ಬೇಡ. ಆವಿ ಬಿಡುವ ಪೆಟ್ಟಿಗೆಯಾದರೆ ಆವಿಯನ್ನು ನಿಲ್ಲಿಸಬೇಕು. ಮೇಲೆ ಹಾಸಲು ಬೇಕಿಂಗ್ ಪೇಪರ್ ತನ್ನಿ. ಮೇಣ ಹಚ್ಚಿದ ಕಾಗದವೂ ವರ್ತಮಾನ ಪತ್ರಿಕೆಯೂ ನಡೆಯವು; ಮೇಣ ಕರಗಿ ಅಂಟುತ್ತದೆ, ಮಸಿ ಹತ್ತುತ್ತದೆ. ಒತ್ತದೆ, ಸುತ್ತುಸುತ್ತಾಗಿ ಹತ್ತಿಪ್ಪತ್ತು ಸೆಕೆಂಡು ಆಡಿಸಿ, ಎತ್ತಿ ನೋಡಿ. ಮಣಿಗಳ ತೂತು ಸ್ವಲ್ಪ ಕಿರಿದಾಗಿ ಪಕ್ಕದ ಮಣಿಗೆ ಅಂಟಿಕೊಂಡಿದ್ದರೆ ಮುಗಿಯಿತು. ತೂತು ಪೂರ್ತಿ ಮುಚ್ಚುವವರೆಗೆ ಕಾಯಿಸಿದರೆ ಚಿತ್ರ ಹರಡಿ ಕಣ್ಣು ಬಾಯಿ ಕೂಡಿಬಿಡುತ್ತವೆ, ಹಲಗೆಯೂ ಸೊಟ್ಟಗಾಗುತ್ತದೆ. ಸ್ವಲ್ಪ ಆರಿದ ಮೇಲೆ ಬಿಡಿಸಿ, ತಿರುವಿ, ಹಿಂಬದಿಗೂ ಅದೇ ರೀತಿ ಮಾಡಬೇಕು. ಕೂಡಲೇ ಭಾರವಾದ ಪುಸ್ತಕದ ಕೆಳಗೆ ಇಟ್ಟರೆ ಬಿಲ್ಲೆ ಡೊಂಕಾಗುವುದಿಲ್ಲ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟಿನ ಮರುಮುದ್ರಣ ನಮ್ಮ ಕಪಾಟಿನಲ್ಲಿದೆಯಷ್ಟೆ. ಈ ಕೆಲಸಕ್ಕೆ ತೆಗೆದ ದಿನ ಇಬ್ಬರು ಹುಡುಗರು ಅದನ್ನು ತೆರೆದು 'ಕಾಗೆ' ಎಲ್ಲಿದೆಯೆಂದು ಹುಡುಕಿದರು. ಪುಟ ಕೊಳೆಯಾಗದಂತೆ ಕೆಳಗೆ ಒಂದು ರಟ್ಟು ಇರಲಿ. ಕಿಟಕಿ ತೆರೆದಿರಬೇಕು. ಒಂದೇ ಕೋಣೆಯ ಮನೆಗಳಲ್ಲಿ ಇಸ್ತ್ರಿಯ ತಂತಿ ಕಾಲಿಗೆ ಸಿಗದಂತೆಯೂ, ತೆವಳುವ ಮಕ್ಕಳ ಬಾಯಿಗೆ ಮಣಿ ಹೋಗದಂತೆಯೂ ನೋಡಿಕೊಳ್ಳಿ. ಗಂಟಲಿಗೆ ಸಿಕ್ಕಿಕೊಳ್ಳುವ ಅಳತೆಯದೇ ಅದು.

ಇನ್ನು ಅಕ್ಷರ. ಗೊಂಬೆಯ ಕೆಳಗೆ ಹೆಸರು ಕೂರಿಸಬೇಕೆಂದು ನಾವು ಹಟ ಹಿಡಿದಿದ್ದೇವೆ. ಇಂಗ್ಲಿಷ್ ಅಕ್ಷರಕ್ಕೆ ೫ ಅಗಲ, ೭ ಎತ್ತರ ಸಾಕು, ಏಕೆಂದರೆ ಅದು ಕಡ್ಡಿ ಜೋಡಿಸಿದಂತಿದೆ. ನಮ್ಮದು ದುಂಡು. ತಲೆಕಟ್ಟು ಸೇರಿ ೯ ಸಾಲಾದರೂ ಬೇಕು, ಒತ್ತಕ್ಷರ ಬಂದರೆ ಕೆಳಗೆ ಇನ್ನೂ ಐದು. 'ಗಟ್ಟು' ಎಂಬ ಎರಡಕ್ಷರಕ್ಕೆ ಅರ್ಧ ಹಲಗೆ ಹೋಗುತ್ತದೆ! ಆದ್ದರಿಂದ ಹೆಸರಿಗೆ ಬೇರೆ ಹಲಗೆಯನ್ನೇ ಇಡುವುದು ಉತ್ತಮ. ಮೊದಲ ಪಾಠಕ್ಕೆ 'ರ' ತೆಗೆದುಕೊಳ್ಳಿ. ಅದನ್ನು ಕೂರಿಸಿದ ಮೇಲೆ ನಟ್ಟನಡುವೆ ಒಂದು ಮಣಿ ಇಡಲು ಹೇಳಿ, 'ಠ' ಆಯಿತು. "ಠಾಣೆ ಸ್ಟೇಷನ್ನಿನ ಠ!" ಎಂದು ನಮ್ಮ ಕೂಟದ ಹುಡುಗಿಯೊಬ್ಬಳು ಕೂಗಿದಳು. ಆರು ತಿಂಗಳು ಪಾಟಿಯ ಮೇಲೆ ತಿದ್ದಿಸಿದರೂ ಆ ಎರಡು ಅಕ್ಷರಗಳ ಭೇದ ಅವಳಿಗೆ ನಿಂತಿರಲಿಲ್ಲ. ಒಂದು ಎಚ್ಚರಿಕೆ: ಕೂರಿಸಿದ ಮೇಲ್ಬದಿಯೇ ಚಿತ್ರದ ಮುಂಬದಿಯಾದರೆ ಅಕ್ಷರ ನೆಟ್ಟಗೆ ಬರುತ್ತದೆ. ಹಲಗೆಗೆ ತಾಗಿದ ಬದಿಯನ್ನು ಮುಂದೆ ಮಾಡಬೇಕೆಂದರೆ ಕನ್ನಡಿಯಲ್ಲಿ ಕಂಡಂತೆ ತಿರುವಿ ಕೂರಿಸಬೇಕು.

ಕಲ್ಯಾಣದ ಹೋಟೆಲೊಂದರಲ್ಲಿ ಕೆಲಸ ಮಾಡುವ ಕುಂದಾಪುರದ ಕಡೆಯ ಸದಸ್ಯರೊಬ್ಬರಿದ್ದಾರೆ. ಮಗಳು ಊರಿನಲ್ಲಿ ಅಜ್ಜಿಯ ಬಳಿ. ಇವರಿಗೆ ಬಿಡುವು ಮಧ್ಯಾಹ್ನ ಮೂರರಿಂದ ಐದು. ಆ ವೇಳೆಯಲ್ಲಿ ಇಲ್ಲಿ ಕುಳಿತು ಕಾಗೆಯನ್ನು ಮುಗಿಸಿ, ಎರಡು ರಟ್ಟಿನ ನಡುವೆ ಇಟ್ಟು ಅಂಚೆಯಲ್ಲಿ ಕಳುಹಿಸಿದರು. ತೂಕ ಐದು ಗ್ರಾಮಿನ ಸುತ್ತ ಇರಬಹುದು. ವಾರದ ಮೇಲೆ ಮಗಳ ಫೋನು: "ಅಪ್ಪಯ್ಯ, ಕಾಗೆಗೆ ಒಂದೇ ಕಣ್ಣ್ ಎಂತಕ್ಕೆ?" ಎಂದು. "ಇನ್ನೊಂದ್ ಕಣ್ಣ್ ಆಚಿ ಬದಿಗ್ ಇತ್ತ್ ಮಗ, ಅದ್ ನನ್ನನ್ನ್ ಕಾಂತಾ ಇತ್ತ್" ಎಂದರಂತೆ. ಈಗ ಅವಳಿಗೆ ಗುಬ್ಬಿ ಬೇಕಾಗಿದೆ. ಅವರು ನಮೂನೆಗಾಗಿ ಕೇಳುತ್ತಿದ್ದಾರೆ.

ಇವನ್ನು ಕೀಲಿಗೊಂಚಲು ಮಾಡಿ ಸ್ಟೇಷನ್ನಿನ ಸೇತುವೆಯ ಹತ್ತಿರ ಮಾರಬಹುದೆ ಎಂದು ಕೆಲವು ಗೃಹಿಣಿಯರು ವಿಚಾರಿಸಿದ್ದಾರೆ. ಅದಕ್ಕೆ ಉತ್ತರ ಸ್ಪಷ್ಟವಾಗಿರಲಿ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರದ ಹಕ್ಕು ಸಾಮಾನ್ಯವಾಗಿ ಚಿತ್ರಕಾರ ತೀರಿಕೊಂಡ ಮೇಲೂ ೬೦ ವರ್ಷ ಇರುತ್ತದೆ. ಗಟ್ಟು, ಅಮುಲ್ ಹುಡುಗಿಯಂಥವು ಕಂಪೆನಿಯ ಗುರುತುಗಳು ಬೇರೆ. ಮನೆಯಲ್ಲಿ ಮಗುವಿಗಾಗಿ ಮಾಡಿದರೆ ಯಾರೂ ಕೇಳುವವರಿಲ್ಲ; ದುಡ್ಡಿಗೆ ಮಾರುವುದಾದರೆ ಹಕ್ಕುಳ್ಳವರ ಒಪ್ಪಿಗೆ ಬೇಕು. ಮಾರಬೇಕೆನ್ನುವವರು ಕಾಗೆ, ಗುಬ್ಬಿ, ಕಸೂತಿಯ ತೇರು, ನವಿಲು, ಇಲ್ಲವೆ ಕೊಳ್ಳುವವರ ಹೆಸರಿನ ಕನ್ನಡ ಅಕ್ಷರ ಇವನ್ನು ಮಾಡಲಿ. ಅವುಗಳ ಮೇಲೆ ಯಾರ ಹಕ್ಕೂ ಇಲ್ಲ. ನಿಜ ಹೇಳಬೇಕೆಂದರೆ ಗೊಂಬೆಗಿಂತ ಅಕ್ಷರದ ಬಿಲ್ಲೆಯನ್ನೇ ಜನ ಹೆಚ್ಚು ಕೇಳುತ್ತಾರೆ.

ಸದ್ಯ ವಾಚನಾಲಯದಲ್ಲಿ ನಾಲ್ಕು ಹಲಗೆಗಳಿವೆ. ಪುಸ್ತಕದಂತೆಯೇ ವಹಿಯಲ್ಲಿ ರುಜು ಮಾಡಿ ಒಂದು ವಾರಕ್ಕೆ ಒಯ್ಯಬಹುದು. ಮಣಿಯನ್ನು ತಾವೇ ತರಬೇಕು. ಇಸ್ತ್ರಿ ಪೆಟ್ಟಿಗೆ ಇಲ್ಲದವರು ಭಾನುವಾರ ನಾಲ್ಕು ಗಂಟೆಯ ಮೇಲೆ ಹಲಗೆಯನ್ನು ಅಲುಗಾಡಿಸದೆ ತಂದರೆ ಇಲ್ಲಿಯೇ ಮಾಡಿಕೊಡುತ್ತೇವೆ. ಲೋಕಲ್ ಗಾಡಿಯಲ್ಲಿ ತರುವವರು ಮಣಿಗಳ ಮೇಲೆ ಅಗಲವಾದ ಮಾಸ್ಕಿಂಗ್ ಟೇಪನ್ನು ಒತ್ತಿ ಅಂಟಿಸಿ, ಚಿತ್ರವನ್ನು ಟೇಪಿನ ಸಮೇತ ಎತ್ತಿಕೊಂಡು ರಟ್ಟಿನ ಮೇಲೆ ತರತಕ್ಕದ್ದು. ಹಲಗೆ ಮನೆಯಲ್ಲಿಯೇ ಇರಲಿ. ಗುಬ್ಬಿಯ ನಮೂನೆಯನ್ನು ಯಾರಾದರೂ ಚೌಕಳಿ ಕಾಗದದ ಮೇಲೆ ಬರೆದು ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡೋಣ.